ತಿರುಗಿ ಎಳೆಯುವ ದಾರ

ಕುಂದಾಪುರದಿಂದ ಬೈಂದೂರು ಕಡೆಗೆ ಹೊರಟರೆ ತಲ್ಲೂರಿನ ಹತ್ತಿರ ಉಪ್ಪಿನಕುದ್ರು ಅಂತ ಒಂದು ಊರು. ಕುದ್ರು ಅಂದರೆ ಹೊಳೆಯ ನಡುಗಡ್ಡೆ. ನಮ್ಮ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಬೆಂಗಳೂರಿನವರಿಗೆ ಹೇಳಿದ್ದು. ಹೊರಗಿನ ಜನಕ್ಕೆ ಈ ಊರು ಗೊತ್ತಾದದ್ದು ಗೊಂಬೆಯಾಟದಿಂದ. ಇಲ್ಲಿನ ಕಾಮತರ ಮನೆಯವರು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆ ಆಡಿಸಿಕೊಂಡು ಬಂದವರು. ಮರದ ಗೊಂಬೆ, ಅದಕ್ಕೆ ಬಡಗುತಿಟ್ಟಿನದ್ದೇ ವೇಷ, ಹಿಂದೆ ಭಾಗವತರು, ಚೆಂಡೆ, ಮದ್ದಳೆ. ಕೊಗ್ಗ ದೇವಣ್ಣ ಕಾಮತರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅವರ ನಂತರ ಮಗ ಭಾಸ್ಕರ ಕೊಗ್ಗ ಕಾಮತರು ಮೇಳವನ್ನು ಮುಂದುವರಿಸಿದರು.

ಆಟ ನೋಡುವವರ ಕಣ್ಣು ಗೊಂಬೆಯ ಮೇಲಿರುತ್ತದೆ. ನನಗೆ ಇಂಜಿನಿಯರ್ ಚಾಳಿ, ಮೇಲಿನ ಕೈ ಏನು ಮಾಡುತ್ತಿದೆ ಅಂತ ಯೋಚನೆ. ಆಡಿಸುವವನು ಗೊಂಬೆಯನ್ನು ಮೇಲಿನಿಂದ ನೋಡುತ್ತಾನೆ. ಅದರ ಮುಖ ಅವನಿಗೆ ನಮ್ಮಷ್ಟು ಚೆನ್ನಾಗಿ ಕಾಣುವುದಿಲ್ಲ. ಪಾದ ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವುದನ್ನು ಕಣ್ಣಿನಿಂದ ಹೇಳುವುದು ಇನ್ನೂ ಕಷ್ಟ. ಆದರೆ ತಾಗಿದ ಕ್ಷಣ, ಭಾರ ಹೊತ್ತಿದ್ದ ದಾರ ಒಂಚೂರು ಸಡಿಲಾಗುತ್ತದೆ. ಬೆರಳಿಗೆ ಅಷ್ಟು ಸಾಕು. ಒಂದೇ ದಾರದಲ್ಲಿ ಅಪ್ಪಣೆ ಕೆಳಗೆ ಹೋಗುತ್ತದೆ, ಸುದ್ದಿ ಮೇಲೆ ಬರುತ್ತದೆ.

ಗಂಗೊಳ್ಳಿಯಲ್ಲಿ ದೋಣಿಯ ಅಂಚಿಗೆ ಕೂತು ಗಾಳ ಹಾಕುವವರನ್ನು ಕೇಳಿ. ದಾರ ತೋರುಬೆರಳಿನ ಮೇಲೆ ಹಾದಿರುತ್ತದೆ. ಏಡಿ ಕಚ್ಚಿದರೆ ಸುಮ್ಮನೆ ಭಾರ, ಮೀನಾದರೆ ಜಗ್ಗು, ಕಲ್ಲಿಗೆ ಸಿಕ್ಕಿದರೆ ಎಷ್ಟು ಎಳೆದರೂ ಅಷ್ಟೇ ಬಿಗಿ. ನೀರಿನೊಳಗೆ ಎಂತ ಉಂಟು ಅಂತ ಕಣ್ಣಿಗೆ ಕಾಣುವುದೇ ಇಲ್ಲ. "ಕೈಯಂಗೇ ಗೊತ್ತಾತ್ತ್ ಮಾರಾಯ" ಅಂತಾರೆ ನಮ್ಮ ಮಾವ.

ಕಂಪ್ಯೂಟರಿನೊಳಗೆ ಮಾತ್ರ ಇರುವ, ನಿಜದಲ್ಲಿ ಎಲ್ಲೂ ಇಲ್ಲದ ವಸ್ತುವನ್ನು ಕೈಗೆ ಮುಟ್ಟಿಸುವ ಯಂತ್ರಗಳಿವೆ. ಆ ವಿದ್ಯೆಗೆ ಹ್ಯಾಪ್ಟಿಕ್ಸ್ ಅಂತ ಹೆಸರು. ಅದರ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಗ್ರೀಕ್ ಶಬ್ದದ ಅರ್ಥದಿಂದ ಶುರು ಮಾಡುತ್ತಾರೆ. ಉಪ್ಪಿನಕುದ್ರುವಿನ ದಾರದಿಂದ ಶುರು ಮಾಡುವುದು ಹೆಚ್ಚು ಸರಿ ಅಂತ ನನ್ನ ವಾದ. ಊರಿನ ಅಭಿಮಾನ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾರಣವೂ ಇದೆ. ಈ ಯಂತ್ರ ಮಾಡಿದವರಿಗೆಲ್ಲ ಎದುರಾದ ತೊಂದರೆ ಒಂದೇ: ಅಪ್ಪಣೆ ಕಳಿಸುವುದು ಸುಲಭ, ಸುದ್ದಿಯನ್ನು ತಿರುಗಿ ಕೈಗೆ ತರುವುದು ಕಷ್ಟ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಶಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ಅಂತ ಒಬ್ಬರು ಕೆಲಸ ಮಾಡುತ್ತಿದ್ದರು. ಅಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಆಚೆ ಇಟ್ಟು, ಈಚೆಯಿಂದ ಕೆಲಸ ಮಾಡಬೇಕಿತ್ತು. 1940ರ ದಶಕದ ಕೊನೆಯ ಹೊತ್ತಿಗೆ ಗೋರ್ಟ್ಜ್ ಜೋಡಿ ಕೈಗಳನ್ನು ಮಾಡಿದರು. ಗೋಡೆಯ ಈಚೆ ಮನುಷ್ಯ ಹಿಡಿಯುವ ಒಂದು ಕೈ, ಆಚೆ ಅದರಂತೆಯೇ ಆಡುವ ಇನ್ನೊಂದು ಕೈ, ನಡುವೆ ಲೋಹದ ಪಟ್ಟಿ ಮತ್ತು ಕೇಬಲ್. ಗೊಂಬೆಯಾಟವೇ ಅಲ್ಲವೇ ಮಾರಾಯ್ರೆ! ಆಚೆಯ ಕೈ ಗಾಜಿನ ಪಾತ್ರೆ ಹಿಡಿದರೆ ಅದರ ಬಿಗಿ ಈಚೆಯ ಬೆರಳಿಗೆ ಬರುತ್ತಿತ್ತು.

ಕೇಬಲ್ ಇದ್ದರೆ ಎರಡು ಕೈ ತೀರಾ ದೂರ ಇರುವಂತಿಲ್ಲ. ಹಾಗಾಗಿ 1954ರ ಹೊತ್ತಿಗೆ ಗೋರ್ಟ್ಜ್ ತಂಡ ನಡುವೆ ವಿದ್ಯುತ್ ತಂತಿ ತಂದಿತು. ಇಲ್ಲೇ ಇರುವುದು ತಮಾಷೆ. ಕೇಬಲ್ ತಾನಾಗಿಯೇ ತಿರುಗಿ ಎಳೆಯುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ತಂತಿ ಎಳೆಯುವುದಿಲ್ಲ. ಆಚೆಯ ಕೈಗೆ ಎಷ್ಟು ಅಡ್ಡಿಯಾಯಿತು ಅಂತ ಅಳೆದು, ಈಚೆಯ ಕೈಗೂ ಮೋಟಾರ್ ಕೂರಿಸಿ, ಅಷ್ಟೇ ಬಲದಿಂದ ಮನುಷ್ಯನ ಕೈಯನ್ನು ತಳ್ಳಬೇಕು. ಪುಕ್ಕಟೆ ಸಿಗುತ್ತಿದ್ದ ಸ್ಪರ್ಶವನ್ನು ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಗೆ ಆಯಿತು.

ಆಮೇಲಿನ ಹೆಜ್ಜೆ ಸಹಜವಾಗಿ ಬಂತು. ಈಚೆಯ ಕೈಯನ್ನು ಹೇಗೂ ಮೋಟಾರ್ ತಳ್ಳುತ್ತದೆ, ಹಾಗಾದರೆ ಆಚೆ ನಿಜವಾದ ವಸ್ತು ಯಾಕೆ ಇರಬೇಕು? ಲೆಕ್ಕ ಮಾಡಿ ತಳ್ಳಿದರೆ ಸಾಕು. 1965ರಲ್ಲಿ ಐವನ್ ಸದರ್ಲೆಂಡ್ ಇಂಥ ಕನಸನ್ನು ಬರೆದರು. 1967ರಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಫ್ರೆಡ್ ಬ್ರೂಕ್ಸ್ ಕೆಲಸ ಶುರು ಮಾಡಿದರು. ಸಾಫ್ಟ್‌ವೇರಿನವರಿಗೆ ಇವರ ಪರಿಚಯ ಇದ್ದೇ ಇರುತ್ತದೆ; ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಅಂದವರು ಇವರೇ. ಬ್ರೂಕ್ಸ್ ತಂಡ ಆರ್ಗಾನಿನದ್ದೇ ಒಂದು ಯಂತ್ರದ ಕೈಯನ್ನು ಕಂಪ್ಯೂಟರಿಗೆ ಜೋಡಿಸಿತು. ಆಗಿನ ಕಂಪ್ಯೂಟರ್ ಎಂಥ ನಿಧಾನ ಅಂದರೆ ಕೆಲಸ ವರ್ಷಗಟ್ಟಲೆ ಹಿಡಿಯಿತು. 1990ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಔಷಧದ ಅಣುವನ್ನು ಪ್ರೋಟೀನಿನ ಸಂದಿಗೆ ಕೂರಿಸುವಂಥ ಕೆಲಸದಲ್ಲಿ, ಬರೀ ಚಿತ್ರ ನೋಡುವುದಕ್ಕಿಂತ ಕೈಗೆ ಬಲವೂ ಸಿಕ್ಕಿದರೆ ಸುಮಾರು ಎರಡು ಪಟ್ಟು ಲಾಭ. ಹತ್ತು ಪಟ್ಟು ಆಗುವ ಲಕ್ಷಣ ಇಲ್ಲ ಅಂತಲೂ ಅವರೇ ಬರೆದರು. ಈಗಿನ ಸ್ಟಾರ್ಟಪ್‌ನವರ ಬಾಯಲ್ಲಿ ಇಂಥ ಮಾತು ಕೇಳಲು ಸಿಗುವುದಿಲ್ಲ.

1993ರ ಹೊತ್ತಿಗೆ ಎಂಐಟಿಯಲ್ಲಿ ಥಾಮಸ್ ಮಾಸ್ಸಿ ಎಂಬ ವಿದ್ಯಾರ್ಥಿ, ಗುರು ಕೆನೆತ್ ಸಾಲಿಸ್ಬರಿ ಜೊತೆ ಸೇರಿ ಮೇಜಿನ ಮೇಲೆ ಇಡಬಹುದಾದ ಒಂದು ಯಂತ್ರ ಮಾಡಿದರು. ಹೆಸರು ಫ್ಯಾಂಟಮ್. ನೋಡಲು ಟೇಬಲ್ ಲ್ಯಾಂಪಿನ ಕೈಯಂತೆ. ತುದಿಯಲ್ಲಿ ಬೆರಳು ತೂರಿಸುವ ಟೋಪಿ ಅಥವಾ ಹಿಡಿಯಲು ಪೆನ್ನು. ಮೋಟಾರಿನಿಂದ ಆ ಕೈಗೆ ಬಲ ಮುಟ್ಟಿಸಿದ್ದು ಎಂತದು ಗೊತ್ತುಂಟಾ? ಉಕ್ಕಿನ ಸಣ್ಣ ಕೇಬಲ್. ಜಪಾನಿನಲ್ಲಿ ಮಕೋಟೊ ಸಾಟೊ ತಂಡ ಇನ್ನೂ ನೇರವಾಗಿ ಹೋಯಿತು. ಅವರ ಸ್ಪೈಡಾರ್ ಯಂತ್ರದಲ್ಲಿ ಚೌಕಟ್ಟಿನ ಮೂಲೆಗಳಿಂದ ಬಂದ ದಾರಗಳು ಬೆರಳಿಗೇ ಕಟ್ಟಿರುತ್ತವೆ, ಮೋಟಾರುಗಳು ಅವನ್ನು ಎಳೆಯುತ್ತವೆ. ಉಪ್ಪಿನಕುದ್ರುವಿನ ಆಟವನ್ನು ತಲೆಕೆಳಗು ಮಾಡಿದ ಹಾಗೆ. ಇಲ್ಲಿ ಗೊಂಬೆ ನಾವು.

ಇನ್ನು ಮೈಯ ವಿಷಯ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಕೈ ಒಪ್ಪುವುದಿಲ್ಲ. ಹ್ಯಾಪ್ಟಿಕ್ಸಿನಲ್ಲಿ ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಮಾಡಿ ಬಲ ಕೊಡುವುದು ರೂಢಿ. ನೀವು ಕಂಪ್ಯೂಟರಿನೊಳಗಿನ ಗೋಡೆಗೆ ಬೆರಳು ಒತ್ತುತ್ತೀರಿ. ಬೆರಳು ಗೋಡೆಯೊಳಗೆ ಹೋದದ್ದು ಪ್ರೋಗ್ರಾಮಿಗೆ ಗೊತ್ತಾಗುವುದು ತಡವಾದರೆ, ಅದು ಗಾಬರಿಯಲ್ಲಿ ಜಾಸ್ತಿ ಬಲದಿಂದ ಹೊರಗೆ ದಬ್ಬುತ್ತದೆ. ನೀವು ಮತ್ತೆ ಒತ್ತುತ್ತೀರಿ, ಅದು ಮತ್ತೆ ದಬ್ಬುತ್ತದೆ. ಗೋಡೆ ಗಡಗಡ ನಡುಗಲು ಶುರು. ಇಲ್ಲಿ ಸ್ವಾರಸ್ಯ ಏನೆಂದರೆ, ನಡುಗುವುದು ಬಿಡುವುದು ಹಿಡಿದವರ ಕೈಯ ಮೇಲೂ ನಿಂತಿದೆ. ಸಡಿಲ ಹಿಡಿತಕ್ಕೆ ಒಂದು ಥರ, ಬಿಗಿ ಹಿಡಿತಕ್ಕೆ ಇನ್ನೊಂದು ಥರ. ಒಬ್ಬರಿಗೆ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತ ಗೋಡೆ ಇನ್ನೊಬ್ಬರ ಕೈಯಲ್ಲಿ ನಡುಗಬಹುದು. ನಮ್ಮ ಸ್ನಾಯುವೂ ಆ ಪ್ರೋಗ್ರಾಮಿನ ಒಂದು ಸಾಲು, ಆದರೆ ಬರೆದವನ ಕೈಗೆ ಸಿಗದ ಸಾಲು.

ಆ ಸ್ನಾಯು ನಮ್ಮ ಮಾತೂ ಕೇಳುವುದಿಲ್ಲ. ಕೈಯಲ್ಲಿ ಹಿಡಿದ ಲೋಟ ಸ್ವಲ್ಪ ಜಾರಿದರೆ ಬೆರಳು ತಾನಾಗಿ ಬಿಗಿಯಾಗುತ್ತದೆ. ಸ್ವೀಡನ್ನಿನ ರೋಲಂಡ್ ಯೋಹಾನ್ಸನ್ ಮತ್ತು ಯೋರಾನ್ ವೆಸ್ಟ್ಲಿಂಗ್ 1984ರಲ್ಲಿ ತೋರಿಸಿದ ಪ್ರಕಾರ ಇದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತನೇ ಒಂದಕ್ಕಿಂತ ಕಡಿಮೆ ಸಮಯ. 'ಅಯ್ಯೋ ಜಾರಿತು' ಅಂತ ನಾವು ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿರುತ್ತದೆ. ಕಂಪ್ಯೂಟರಿನ ಲೋಟ ಸುಳ್ಳು ಅಂತ ನಮಗೆ ಚೆನ್ನಾಗಿ ಗೊತ್ತು. ಆ ಗೊತ್ತು ಬೆರಳಿನವರೆಗೆ ತಲುಪುವುದಿಲ್ಲ.

ಈ ಕಥೆಯಲ್ಲಿ ನಾವು ಕನ್ನಡದಲ್ಲಿ ಮಾತಾಡಲೇಬೇಕಾದ ಒಬ್ಬರಿದ್ದಾರೆ, ಮಂಡಯಂ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿವಿಲ್ ಬಿಇ, ಐಐಎಸ್‌ಸಿಯಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್, ಆಮೇಲೆ ಅಮೆರಿಕದ ಯೇಲ್‌ನಲ್ಲಿ ಪಿಎಚ್‌ಡಿ. ಸೇತುವೆ, ವಿಮಾನ ಓದಿದವರು ಕೊನೆಗೆ ಬೆರಳಿನ ತುದಿಗೆ ಬಂದು ನಿಂತರು. ಎಂಐಟಿಯಲ್ಲಿ 'ಟಚ್ ಲ್ಯಾಬ್' ಕಟ್ಟಿದವರು ಇವರೇ. ನುಣುಪಾದ ಗಾಜಿನ ಮೇಲೆ ಕೆಲವೇ ಮೈಕ್ರಾನ್ ಎತ್ತರದ ಒಂದು ಚುಕ್ಕೆ ಇದ್ದರೂ ಬೆರಳು ಅದನ್ನು ಪತ್ತೆ ಮಾಡುತ್ತದೆ ಅನ್ನುವುದು ಅವರೂ ಸಹೋದ್ಯೋಗಿಗಳೂ ಕಂಡ ವಿಷಯಗಳಲ್ಲಿ ಒಂದು. ತಲೆಕೂದಲಿನ ದಪ್ಪ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮೀನು ತಿನ್ನುವಾಗ ಸಣ್ಣ ಮುಳ್ಳನ್ನು ಬೆರಳಿನಲ್ಲೇ ಹುಡುಕುವ ನಮಗೆ ಇದು ಆಶ್ಚರ್ಯ ಅಲ್ಲ ಬಿಡಿ.

ಇಷ್ಟು ಸೂಕ್ಷ್ಮವಾದ ಬೆರಳು ಎಷ್ಟು ಸುಲಭಕ್ಕೆ ಮೋಸ ಹೋಗುತ್ತದೆ ಅಂತ ತೋರಿಸಿದ್ದೂ ಅದೇ ಲ್ಯಾಬು. 1996ರ ಪ್ರಯೋಗ. ಕಂಪ್ಯೂಟರಿನೊಳಗೆ ಎರಡು ಸ್ಪ್ರಿಂಗ್, ಒಂದು ಗಟ್ಟಿ, ಒಂದು ಮೆದು. ಎರಡನ್ನೂ ಒತ್ತಿ, ಯಾವುದು ಗಟ್ಟಿ ಅಂತ ಹೇಳಬೇಕು. ಕೈಗೆ ಸಿಗುವ ಬಲ ನಿಜವಾದದ್ದು. ಆದರೆ ಪರದೆಯ ಮೇಲೆ ಸ್ಪ್ರಿಂಗ್ ಎಷ್ಟು ಕುಗ್ಗಿತು ಅಂತ ತೋರಿಸುವಾಗ ಸುಳ್ಳು ಬೆರೆಸುತ್ತಾ ಹೋದರು. ಕೊನೆಕೊನೆಗೆ ಗಟ್ಟಿ ಸ್ಪ್ರಿಂಗ್ ಜಾಸ್ತಿ ಕುಗ್ಗಿದಂತೆ, ಮೆದುವಾದದ್ದು ಕಡಿಮೆ ಕುಗ್ಗಿದಂತೆ ತೋರಿಸಿದರು. ಜನ ಗಟ್ಟಿಯದ್ದನ್ನೇ ಮೆದು ಅಂದರು. ತಮ್ಮ ಬೆರಳು ಎಷ್ಟು ಚಲಿಸಿದೆ ಅಂತ ಅವರ ಕೀಲುಗಳಿಗೆ ಗೊತ್ತಿತ್ತು, ಆದರೂ ಕಣ್ಣು ಹೇಳಿದ್ದೇ ಗೆದ್ದಿತು.

ಕೈ ಸೋಲುವುದು ಕಣ್ಣಿಗೆ ಮಾತ್ರ ಅಲ್ಲ. 2001ರಲ್ಲಿ ಗೇಬ್ರಿಯಲ್ ರೋಬ್ಲೆಸ್ ಡಿ ಲಾ ಟೋರೆ ಮತ್ತು ವಿನ್ಸೆಂಟ್ ಹೇವರ್ಡ್ ಬೆರಳು ನಿಜವಾಗಿಯೂ ಒಂದು ತಗ್ಗಿನಲ್ಲಿ ಇಳಿಯುವಾಗ, ಉಬ್ಬು ಹತ್ತುವಾಗ ಆಗುವಂಥ ಅಡ್ಡ ಬಲ ಕೊಟ್ಟು ನೋಡಿದರು. ಬೆರಳು ಕೆಳಗೆ ಇಳಿಯುತ್ತಿದ್ದರೂ ಜನರಿಗೆ ಉಬ್ಬು ಹತ್ತಿದ ಹಾಗೆ ಆಯಿತು. ಆಕಾರಕ್ಕಿಂತ ಬಲವನ್ನು ನಂಬುತ್ತದೆ ಕೈ.

ಆಮೇಲೆ ಪ್ರಶ್ನೆ ಬಂದದ್ದು ಇಬ್ಬರು ಮನುಷ್ಯರ ನಡುವಿನ ಸ್ಪರ್ಶದ್ದು. ಲಂಡನ್ನಿನ ಮೆಲ್ ಸ್ಲೇಟರ್ ಜೊತೆ ಸೇರಿ ಟಚ್ ಲ್ಯಾಬಿನವರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬೇರೆ ಕಡೆ ಕೂತ ಇಬ್ಬರು ಪರದೆಯೊಳಗೆ ಒಂದು ಬಳೆಯನ್ನು ಜೊತೆಯಾಗಿ ಹಿಡಿದು, ಡೊಂಕು ತಂತಿಗೆ ತಾಗದಂತೆ ಸಾಗಿಸಬೇಕಿತ್ತು. ಒಬ್ಬರ ಒತ್ತು ಇನ್ನೊಬ್ಬರ ಕೈಗೆ ಗೊತ್ತಾದಾಗ ಕೆಲಸ ಚೆನ್ನಾಯಿತು. 'ಆ ಕಡೆ ಯಾರೋ ನನ್ನ ಜೊತೆ ಇದ್ದಾರೆ' ಅನ್ನುವ ಭಾವನೆಯೂ ಹೆಚ್ಚಿತು. ಮುಖ ಇಲ್ಲ, ಧ್ವನಿ ಇಲ್ಲ, ಒತ್ತು ಒಂದೇ.

2002ರ ಅಕ್ಟೋಬರ್ 29ರಂದು ಇದನ್ನು ಸಮುದ್ರ ದಾಟಿಸಿದರು. ಒಂದು ಫ್ಯಾಂಟಮ್ ಎಂಐಟಿಯಲ್ಲಿ, ಇನ್ನೊಂದು ಲಂಡನ್ನಿನ ಯುನಿವರ್ಸಿಟಿ ಕಾಲೇಜಿನಲ್ಲಿ. ನಡುವೆ 5000 ಕಿಲೋಮೀಟರಿಗಿಂತ ಹೆಚ್ಚು ದೂರ. ಪರದೆಯೊಳಗಿನ ಒಂದು ಪೆಟ್ಟಿಗೆಯನ್ನು ಇಬ್ಬರೂ ಎರಡು ಬದಿಯಿಂದ ಒತ್ತಿ ಹಿಡಿದು ಎತ್ತಿದರು. ಒಬ್ಬರು ಒತ್ತು ಸಡಿಲಿಸಿದರೆ ಪೆಟ್ಟಿಗೆ ಬೀಳುತ್ತದೆ. ಈಗ ಲೆಕ್ಕ ಹಾಕಿ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವುದಕ್ಕೆ 50 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು, ಮಧ್ಯದ ರೂಟರುಗಳ ತಡ ಬೇರೆ. ಕೈಗೆ ಬೇಕಾದದ್ದು ಒಂದೊಂದು ಮಿಲಿಸೆಕೆಂಡಿಗೂ ಉತ್ತರ. ಅಂದರೆ ಆಚೆಯವನ ನಿಜವಾದ ಉತ್ತರ ಬರುವ ತನಕ ಈಚೆಯ ಕಂಪ್ಯೂಟರ್ ತನ್ನ ಲೆಕ್ಕದ ಮೇಲೆ ಹತ್ತಾರು ಸಲ ತಳ್ಳಿರಬೇಕಾಗುತ್ತದೆ. ಎಷ್ಟೇ ಒಳ್ಳೆಯ ಕಂಪ್ಯೂಟರ್ ತಂದರೂ ಈ ತಡ ಹೋಗುವುದಿಲ್ಲ, ಇದು ಭೂಮಿಯ ಅಳತೆಯಿಂದ ಬಂದದ್ದು. ಉಪ್ಪಿನಕುದ್ರುವಿನ ದಾರ ಕೈಯಳತೆಯಷ್ಟು ಉದ್ದ, ಅದಕ್ಕೆ ಈ ತಲೆನೋವು ಇಲ್ಲ.

ಇಷ್ಟೆಲ್ಲ ಪ್ರಯೋಗಾಲಯದ ಮಾತಾಯಿತು. ನಿಮ್ಮ ಜೇಬಿನಲ್ಲಿರುವುದೂ ಇದರ ಬಡ ತಮ್ಮನೇ. ಫೋನಿನ ವೈಬ್ರೇಶನ್ ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ, ಸುಮ್ಮನೆ ನಡುಗುತ್ತದೆ. ಅಷ್ಟಕ್ಕೇ ಮೈ ಹೇಗೆ ಒಗ್ಗಿದೆ ನೋಡಿ. 2010ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯ ಸಿಬ್ಬಂದಿಯನ್ನು ಕೇಳಿದಾಗ, ಉತ್ತರ ಕೊಟ್ಟವರಲ್ಲಿ 68% ಜನ, ನಡುಗದೇ ಇದ್ದ ಪೇಜರೋ ಫೋನೋ ನಡುಗಿದಂತೆ ಅನ್ನಿಸಿದ್ದುಂಟು ಅಂದರು. ಬೆಂಗಳೂರಿನಿಂದ ಊರಿಗೆ ಬರುವ ರಾತ್ರಿ ಬಸ್ಸು ಬಾಳೆಬರೆ ಘಾಟಿ ಇಳಿಯುವಾಗ ನೆಟ್‌ವರ್ಕ್ ಇರುವುದಿಲ್ಲ, ಆದರೂ ತೊಡೆ ಜುಂ ಅನ್ನುತ್ತದೆ. ತೆಗೆದು ನೋಡಿದರೆ ಎಂತದೂ ಇಲ್ಲ. ಆ್ಯಪಿನ ಬಟನ್ ಒತ್ತಿದಾಗ ಎಷ್ಟು ಹೊತ್ತು ನಡುಗಬೇಕು ಅಂತ ನಂಬರ್ ಹಾಕುವುದು ನನ್ನಂಥವರ ಕೆಲಸ. ಒಂದು ಮಧ್ಯಾಹ್ನ ಕೂತು ಹಾಕಿದ ನಂಬರು ಸಾವಿರಾರು ಜನರ ಚರ್ಮಕ್ಕೆ ಅಭ್ಯಾಸ ಆಗುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ.

ತೊಡೆ ಜುಂ ಅಂದರೆ ನಷ್ಟ ಏನಿಲ್ಲ. ಆದರೆ ಇದೇ ವಿದ್ಯೆಯಿಂದ ಡಾಕ್ಟರುಗಳ ಕೈ ತಯಾರಾಗುತ್ತಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಜಿ. ಕೆ. ಅನಂತಸುರೇಶ್ ಅವರ ಪ್ರಯೋಗಾಲಯದ ಕೆಲಸದಿಂದ ಮಿಮಿಕ್ ಎಂಬ ಕಂಪನಿ ಹುಟ್ಟಿತು, ಅದು ಎಂಡೋಸ್ಕೋಪಿ ಕಲಿಯುವ ಸಿಮ್ಯುಲೇಟರ್ ಮಾಡಿತು. ಎಂಡೋಸ್ಕೋಪಿ ಅಂದರೂ ಒಂದು ಥರದ ಗೊಂಬೆಯಾಟವೇ. ಉದ್ದನೆಯ ಕೊಳವೆಯ ಒಂದು ತುದಿ ಡಾಕ್ಟರ ಕೈಯಲ್ಲಿ, ಇನ್ನೊಂದು ರೋಗಿಯ ಹೊಟ್ಟೆಯಲ್ಲಿ. ಪರದೆಯಲ್ಲಿ ಚಿತ್ರ ಬರುತ್ತದೆ, ಆದರೆ ಕೊಳವೆ ಕರುಳಿನ ತಿರುವಿಗೆ ಒತ್ತುತ್ತಿದೆ ಅನ್ನುವ ಸುದ್ದಿ ಕೈಗೂ ಬರಬೇಕು. ಕೈ ಅದನ್ನು ಓದದೆ ಮುಂದೆ ತಳ್ಳಿದರೆ ರೋಗಿಗೆ ನೋವು, ಅಪರೂಪಕ್ಕೆ ಕರುಳಿಗೆ ತೂತು. ಮೊದಲ ನೂರು ತಪ್ಪನ್ನು ಯಂತ್ರದ ಮೇಲೆ ಮಾಡುವುದು ಒಳ್ಳೆಯದೇ. ನಮ್ಮ ಮೂರೂ ತಾಲ್ಲೂಕಿನಲ್ಲಿ ಕಾಯಿಲೆ ಕೈ ಮೀರಿದರೆ "ಮಣಿಪಾಲಕ್ಕೆ ಕರ್ಕಂಡ್ ಹೊಯ್ಕ್" ಅನ್ನುವುದು ರೂಢಿ. 1953ರಲ್ಲಿ ಶುರುವಾದ ಅಲ್ಲಿನ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಕೈ ಪಳಗಿಸಿಕೊಂಡದ್ದು ನಮ್ಮವರ ಮೈ ಮೇಲೆಯೇ. ಈಗ ಮಣಿಪಾಲದಲ್ಲೂ ಸಿಮ್ಯುಲೇಶನ್ ಸೆಂಟರ್ ಇದೆ.

ಆದರೆ ಆ ಸ್ಪ್ರಿಂಗಿನ ಪ್ರಯೋಗ ನೆನಪಿಡಿ. ಪರದೆಯ ಚಿತ್ರ ಚೆನ್ನಾಗಿದ್ದರೆ ಬಲದ ಲೆಕ್ಕ ಎಷ್ಟೋ ತಪ್ಪಿದ್ದರೂ ಕಲಿಯುವವನಿಗೆ ಗೊತ್ತಾಗುವುದಿಲ್ಲ. 'ಬಹಳ ನೈಜವಾಗಿದೆ ಸಾರ್' ಅಂತ ಅವನು ಫಾರ್ಮಿನಲ್ಲಿ ಟಿಕ್ ಮಾಡುತ್ತಾನೆ. ಕೈ ಮಾತ್ರ ತಪ್ಪು ಬಲವನ್ನೇ ಸರಿ ಅಂತ ಕಲಿತಿರುತ್ತದೆ. ಹಾಗಾಗಿ ಸಿಮ್ಯುಲೇಟರ್ ಹೇಗಿದೆ ಅಂತ ಬಳಸಿದವರ ಅಭಿಪ್ರಾಯ ಕೇಳುವುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬಲವನ್ನು ಎಲ್ಲಿ, ಎಂಥ ಕರುಳಿನಲ್ಲಿ ಅಳೆದರು ಅಂತ ಕೇಳಬೇಕು.

ಇನ್ನೊಂದು ಆಸೆ ಈ ಕ್ಷೇತ್ರದಲ್ಲಿ ಹಳೆಯದು: ಪಳಗಿದವರ ಕೈಚಲನೆಯನ್ನು ರೆಕಾರ್ಡ್ ಮಾಡಿ, ಯಂತ್ರದ ಮೂಲಕ ಹೊಸಬರ ಕೈ ಹಿಡಿದು ಅದೇ ದಾರಿಯಲ್ಲಿ ನಡೆಸುವುದು. ಕಾಮತರ ಬೆರಳಿನ ವಿದ್ಯೆಯನ್ನು ಹೀಗೆ ಉಳಿಸಬಹುದಲ್ಲ ಅಂತ ಯಾರಿಗಾದರೂ ಹೊಳೆಯುತ್ತದೆ, ನನಗೂ ಹೊಳೆದಿತ್ತು. ನಮ್ಮಲ್ಲಿ ಇದು ಹೊಸದಲ್ಲ. ಹರಿವಾಣದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವುದು ಮತ್ತೇನು? 2002ರಲ್ಲಿ ಡೇವಿಡ್ ಫೇಗಿನ್ ಮತ್ತು ಜೊತೆಗಾರರು ಇದನ್ನೇ ಯಂತ್ರದಲ್ಲಿ ಪರೀಕ್ಷೆ ಮಾಡಿದರು. ಕೆಲವರ ಕೈಯನ್ನು ಫ್ಯಾಂಟಮ್ ಹಿಡಿದು ಗಾಳಿಯಲ್ಲಿ ಒಂದು ಡೊಂಕು ದಾರಿಯಲ್ಲಿ ನಡೆಸಿತು, ಕೆಲವರು ಕಣ್ಣಿನಿಂದ ನೋಡಿ ಕಲಿತರು. ದಾರಿಯ ಆಕಾರ ಕಲಿಯಲು ಕಣ್ಣೇ ಮೇಲು. ಎಲ್ಲಿ ನಿಧಾನ, ಎಲ್ಲಿ ಬೇಗ ಅನ್ನುವ ಲಯ ಮಾತ್ರ ಕೈ ಹಿಡಿದು ನಡೆಸಿದಾಗ ಚೆನ್ನಾಗಿ ಬಂತು. ಚೆಂಡೆ, ಮದ್ದಳೆ ಕಲಿಸುವವರಿಗೆ ಇದನ್ನು ಹೇಳಿದರೆ "ಇದಕ್ಕೆ ಅಮೆರಿಕದವ್ರ್ ಬೇಕಿತ್ತಾ?" ಅಂದಾರು.

ಆದರೆ ಹಿಡಿದ ಕೈ ಬಿಟ್ಟ ಮೇಲೆ ಏನು ಅನ್ನುವುದು ಬೇರೆ ಲೆಕ್ಕ. ಯಂತ್ರ ತಾನೇ ದಾರಿ ತೋರಿಸುತ್ತಿದ್ದರೆ ಕಲಿಯುವವನ ಸ್ನಾಯು ತಪ್ಪು ತಿದ್ದುವ ಕೆಲಸವನ್ನು ಅದಕ್ಕೇ ಬಿಟ್ಟುಬಿಡುತ್ತದೆ. ಇದ್ದಾಗ ಚೆನ್ನಾಗಿ ಮಾಡಿದವನು ತೆಗೆದ ಮೇಲೆ ತಡವರಿಸುವುದು ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದಕ್ಕೇ, ಸರ್ಜರಿ ಕಲಿಸುವ ಹೊಸ ಯಂತ್ರದ ಪೇಪರ್ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಒಂದೇ ವಿಷಯ: ಯಂತ್ರದ ಸಹಾಯ ತೆಗೆದು, ಎಷ್ಟು ದಿನ ಬಿಟ್ಟು ಪರೀಕ್ಷೆ ಮಾಡಿದರು? ಎಷ್ಟೋ ಪೇಪರುಗಳಲ್ಲಿ ಪರೀಕ್ಷೆ ಅದೇ ಮಧ್ಯಾಹ್ನ ಮುಗಿದಿರುತ್ತದೆ.